ಪ್ರಮಾಣಿಸಿ ನೋಡು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡದ ಹಳೆಯ ಗಾದೆಗಳಲ್ಲೊಂದು. ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡಿನಲ್ಲಿ, ಮಾನ್ವಿ ಸೀಮೆಯ ಕುರ್ಡಿಯಲ್ಲಾಗಲಿ ಅದರ ನೆರೆಯ ಹಳ್ಳಿಗಳಲ್ಲಾಗಲಿ, ಈ ಮಾತನ್ನು ಕೇಳದ ಹಿರಿಯರು ವಿರಳ. ಒಬ್ಬರ ಮೇಲೆ ಅವಸರದಿಂದ ಅಪವಾದ ಹೊರಿಸಲು ಹೊರಟವರನ್ನು ಈ ಒಂದು ಗಾದೆಯಿಂದಲೇ ತಡೆದು ನಿಲ್ಲಿಸಬಹುದು. ಕಿವಿಯಿಂದ ಕೇಳಿದ್ದು ಸುಳ್ಳಾಗಬಹುದು ಎಂಬುದು ಎಲ್ಲರಿಗೂ ಗೊತ್ತು. ಕಣ್ಣಿನಿಂದ ಕಂಡದ್ದೂ ಸುಳ್ಳಾಗಬಹುದು. ಆದುದರಿಂದ ಕಂಡದ್ದನ್ನೂ ಅಳೆದು, ತೂಗಿ, ಪರೀಕ್ಷಿಸಿದ ಮೇಲೆಯೇ ನಂಬಬೇಕು ಎಂಬುದು ಈ ಗಾದೆಯ ತಾತ್ಪರ್ಯ. ನ್ಯಾಯಾಲಯಗಳು ಯಾವ ತಳಹದಿಯ ಮೇಲೆ ನಿಂತಿವೆಯೋ ಅದನ್ನು ಅಕ್ಷರ ಬಾರದ ನಮ್ಮ ಹಿರಿಯರು ನಾಲ್ಕೇ ಪದಗಳಲ್ಲಿ ಹೇಳಿಟ್ಟಿದ್ದಾರೆ.

ಈ ಗಾದೆಯನ್ನು ಮರೆತಾಗ ಏನಾಗುತ್ತದೆ? ತಪ್ಪು ಮಾಡದವನು ತಪ್ಪಿತಸ್ಥನೆಂದು ತೀರ್ಮಾನವಾಗುತ್ತಾನೆ. ಮಾಡದ ಅಪರಾಧಕ್ಕಾಗಿ ಸೆರೆಮನೆಯಲ್ಲಿ ವರ್ಷಗಳನ್ನು ಕಳೆಯುತ್ತಾನೆ. ಇಂತಹ ಅನ್ಯಾಯ ನಮ್ಮ ದೇಶದಲ್ಲಿಯೂ ನಡೆದಿದೆ. ಮುಂದುವರಿದವೆಂದು ಹೇಳಿಕೊಳ್ಳುವ ದೇಶಗಳಲ್ಲಿಯೂ ನಡೆದಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ತಿಳಿಸಬೇಕೇ, ಬೇಡವೇ ಎಂಬುದು ಪ್ರಶ್ನೆ. ತಿಳಿಸಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದನ್ನು ಒಪ್ಪದ ಹಿರಿಯರು ಇದ್ದಾರೆ. ಅವರ ಆಕ್ಷೇಪಗಳು ಮುಖ್ಯವಾಗಿ ಎರಡು. ನ್ಯಾಯಾಲಯಗಳೂ ತಪ್ಪುತ್ತವೆ ಎಂದು ಎಳೆಯರಿಗೆ ಹೇಳಿದರೆ ಅವರಿಗೆ ಕಾನೂನಿನ ಮೇಲಿನ ಗೌರವ ಹೋಗುತ್ತದೆ ಎಂಬುದು ಮೊದಲನೆಯದು. ಕಳ್ಳತನ ಕೊಲೆಗಳಿಂದ ನೊಂದವರ ಬಗೆಗೆ ಮರುಗುವುದನ್ನು ಬಿಟ್ಟು ಆರೋಪಿಗಳ ಬಗೆಗೆ ಮರುಗುವುದನ್ನು ಕಲಿಸಿದಂತಾಗುತ್ತದೆ ಎಂಬುದು ಎರಡನೆಯದು. ಈ ಎರಡು ಆಕ್ಷೇಪಗಳೂ ಸದುದ್ದೇಶದಿಂದಲೇ ಹುಟ್ಟಿದವು. ಆದುದರಿಂದ ಅವನ್ನು ತಳ್ಳಿಹಾಕದೆ, ಮೊದಲು ನಡೆದ ಸಂಗತಿಗಳನ್ನು ನೋಡಿ ಅನಂತರ ಉತ್ತರವನ್ನು ಹುಡುಕೋಣ.

ವಿಷಯಕ್ಕೆ ಹೋಗುವ ಮುನ್ನ ಕೆಲವು ಪದಗಳ ಅರ್ಥ ಸ್ಪಷ್ಟವಾಗಿರಬೇಕು. ಒಬ್ಬನ ಮೇಲೆ ಅಪರಾಧದ ದೂರು ಬಂದಾಗ ಅವನು ‘ಆರೋಪಿ’. ಅವನ ಮೊಕದ್ದಮೆ ನಡೆಯುತ್ತಿರುವಾಗ ಸೆರೆಯಲ್ಲಿದ್ದರೆ ಅವನು ‘ವಿಚಾರಣಾಧೀನ ಕೈದಿ’. ಸಾಕ್ಷ್ಯಗಳನ್ನು ಪರಿಶೀಲಿಸಿ, ಇವನೇ ಮಾಡಿದನೆಂದು ನ್ಯಾಯಾಲಯ ತೀರ್ಪಿತ್ತಾಗ ಮಾತ್ರ ಅವನು ‘ಅಪರಾಧಿ’. ಪತ್ರಿಕೆ ಓದುವವರು, ಮೊಬೈಲ್ ನೋಡುವವರು, ಕಟ್ಟೆಯ ಮೇಲೆ ಮಾತನಾಡುವವರು ಈ ಮೂರು ಪದಗಳನ್ನು ಒಂದೇ ಎಂಬಂತೆ ಬಳಸುತ್ತಾರೆ. ಪೊಲೀಸರು ಹಿಡಿದೊಯ್ದರೆಂದ ಕೂಡಲೇ ‘ಕಳ್ಳ ಸಿಕ್ಕ’ ಎನ್ನುತ್ತಾರೆ. ಆರೋಪಿ ಎಂಬುದಕ್ಕೂ ಅಪರಾಧಿ ಎಂಬುದಕ್ಕೂ ನಡುವೆ ಇರುವ ಅಂತರವೇ ನ್ಯಾಯದ ಹಾದಿ. ಆ ಹಾದಿಯನ್ನು ಸರಿಯಾಗಿ ನಡೆಯದೆ ತೀರ್ಪನ್ನು ಮುಟ್ಟಿದಾಗ ನಿರಪರಾಧಿಗೆ ಶಿಕ್ಷೆಯಾಗುತ್ತದೆ.

ನಮಗೆ ಸಮೀಪದ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನವಿದೆ. ಆಗ ಗುಲ್ಬರ್ಗಾ ಎಂದು ಕರೆಯಲಾಗುತ್ತಿದ್ದ ಕಲಬುರಗಿಯಲ್ಲಿ ನಿಸಾರುದ್ದೀನ್ ಅಹಮದ್ ಎಂಬ ಯುವಕ ಫಾರ್ಮಸಿ ವ್ಯಾಸಂಗ ಮಾಡುತ್ತಿದ್ದರು. 1993ರ ಡಿಸೆಂಬರ್ 5 ಮತ್ತು 6ರ ನಡುವಿನ ರಾತ್ರಿ ದೇಶದ ಕೆಲವು ರೈಲುಗಳಲ್ಲಿ ಬಾಂಬುಗಳು ಸ್ಫೋಟಗೊಂಡು ಇಬ್ಬರು ಪ್ರಯಾಣಿಕರು ಮೃತರಾದರು, ಹಲವರು ಗಾಯಗೊಂಡರು. 1994ರ ಜನವರಿಯಲ್ಲಿ ಪೊಲೀಸರು ಈ ಯುವಕನನ್ನು ಕಲಬುರಗಿಯಿಂದ ಹಿಡಿದೊಯ್ದರು. ಅವರಿಗೆ ಆಗ ಸುಮಾರು ಇಪ್ಪತ್ತು ವರ್ಷ ವಯಸ್ಸು. 2004ರಲ್ಲಿ ರಾಜಸ್ಥಾನದ ಅಜ್ಮೀರಿನ ವಿಶೇಷ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2016ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯ ಅವರನ್ನು ದೋಷಮುಕ್ತರೆಂದು ಘೋಷಿಸಿತು. ಕೆಲವು ದಿನಗಳ ತರುವಾಯ ಅವರು ಜೈಪುರದ ಸೆರೆಮನೆಯಿಂದ ಹೊರಗೆ ಬಂದರು. ಅಷ್ಟರಲ್ಲಿ ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿಯೇ ಕಳೆದಿತ್ತು.

ವಿದ್ಯಾರ್ಥಿಗಳೇ, ಇಪ್ಪತ್ತೆರಡು ವರ್ಷಗಳೆಂದರೆ ಎಷ್ಟು ಎಂಬುದನ್ನು ಒಂದು ಕ್ಷಣ ಲೆಕ್ಕ ಹಾಕಿರಿ. ನೀವು ಹುಟ್ಟಿದ ದಿನದಿಂದ ಇಂದಿನವರೆಗಿನ ಕಾಲಕ್ಕೆ ಇನ್ನೂ ಏಳೆಂಟು ವರ್ಷಗಳನ್ನು ಕೂಡಿಸಬೇಕು. ಓದು ಮುಗಿಸಿ, ಉದ್ಯೋಗ ಹಿಡಿದು, ಸಂಸಾರ ಹೂಡಿ, ತಂದೆತಾಯಿಗಳಿಗೆ ಆಸರೆಯಾಗಬೇಕಾದ ವಯಸ್ಸೆಲ್ಲವೂ ಗೋಡೆಗಳ ನಡುವೆ ಸವೆದುಹೋಯಿತು. ಅಣ್ಣನೂ ಅದೇ ಮೊಕದ್ದಮೆಯಲ್ಲಿ ಸೆರೆಯಾದರು. ಮಕ್ಕಳಿಗಾಗಿ ಊರೂರು ಅಲೆದು ಹೋರಾಡಿದ ತಂದೆ, ಮಗನ ಬಿಡುಗಡೆಯನ್ನು ಕಾಣದೆಯೇ ತೀರಿಕೊಂಡರು. ತೀರ್ಪು ಮಗನನ್ನು ಮನೆಗೆ ಕಳುಹಿಸಿತು. ಆದರೆ ತಂದೆಯನ್ನು ಮರಳಿ ತರುವ ತೀರ್ಪನ್ನು ಯಾವ ನ್ಯಾಯಾಲಯವೂ ಕೊಡಲಾರದು.

ಇಂತಹ ತಪ್ಪು ಹೇಗೆ ನಡೆಯುತ್ತದೆ? ಈ ಪ್ರಕರಣದಲ್ಲಿ ಅವರ ವಿರುದ್ಧ ಇದ್ದ ಮುಖ್ಯ ಆಧಾರವೆಂದರೆ ಪೊಲೀಸರ ವಶದಲ್ಲಿದ್ದಾಗ ಬರೆಸಿಕೊಂಡ ತಪ್ಪೊಪ್ಪಿಗೆ. ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮವೇ ವಿಧಿಸಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮ ಉಳಿದಿದೆ. ಆದರೆ ಭಯೋತ್ಪಾದನೆಯನ್ನು ಹತ್ತಿಕ್ಕಲು 1987ರಲ್ಲಿ ಬಂದ ‘ಟಾಡಾ’ ಎಂಬ ಕಾಯಿದೆಯು ಮೇಲ್ದರ್ಜೆಯ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಗೆ ವಿನಾಯಿತಿ ನೀಡಿತ್ತು. ಆ ಕಾಯಿದೆ 1995ರಲ್ಲಿ ಕೊನೆಗೊಂಡಿತು. ಅದರಡಿ ನಡೆದ ಮೊಕದ್ದಮೆಗಳು ಮಾತ್ರ ಮುಂದುವರಿದವು. ಕೊನೆಗೆ ಸರ್ವೋಚ್ಚ ನ್ಯಾಯಾಲಯ ಆ ತಪ್ಪೊಪ್ಪಿಗೆಯನ್ನು ಆಧಾರವಾಗಿ ಒಪ್ಪಲಿಲ್ಲ.

‘ತಪ್ಪು ಮಾಡದವನು ಮಾಡಿದೆನೆಂದು ಏಕೆ ಒಪ್ಪಿಕೊಳ್ಳುತ್ತಾನೆ?’ ಎಂದು ನೀವು ಕೇಳಬಹುದು. ಭಯ, ಹೊಡೆತ, ನಿದ್ರೆಯಿಲ್ಲದ ರಾತ್ರಿಗಳು, ‘ಒಪ್ಪಿಕೊಂಡರೆ ಮನೆಗೆ ಹೋಗಬಹುದು’ ಎಂಬ ಹುಸಿ ಭರವಸೆ, ಇವು ಮನುಷ್ಯನ ಧೈರ್ಯವನ್ನು ಕುಗ್ಗಿಸುತ್ತವೆ. ಎಳೆಯ ವಯಸ್ಸಿನವರಂತೂ ಬಹುಬೇಗ ಕುಗ್ಗುತ್ತಾರೆ. ಇಂಗ್ಲೆಂಡಿನ ಲೆಸ್ಟರ್ ಪ್ರಾಂತದಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಬಾಲಕಿಯರ ಕೊಲೆಯಾಯಿತು. ಹದಿನೇಳು ವರ್ಷದ ಹುಡುಗನೊಬ್ಬ ಪೊಲೀಸರ ವಿಚಾರಣೆಯಲ್ಲಿ ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡನು. ಲೆಸ್ಟರ್ ವಿಶ್ವವಿದ್ಯಾನಿಲಯದ ವಿಜ್ಞಾನಿ ಅಲೆಕ್ ಜೆಫ್ರಿಸ್ ಅವರು ಆಗತಾನೇ ಡಿ.ಎನ್.ಎ. ಮೂಲಕ ವ್ಯಕ್ತಿಗಳನ್ನು ಗುರುತಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಪರೀಕ್ಷೆ ಮಾಡಿದಾಗ ಎರಡೂ ಕೊಲೆಗಳನ್ನು ಮಾಡಿದವನು ಒಬ್ಬನೇ ಎಂಬುದೂ, ಅವನು ಈ ಹುಡುಗನಲ್ಲವೆಂಬುದೂ ತಿಳಿದುಬಂದವು. ಹುಡುಗ ಬಿಡುಗಡೆಯಾದನು, ನಿಜವಾದ ಕೊಲೆಗಾರನಿಗೆ 1988ರಲ್ಲಿ ಶಿಕ್ಷೆಯಾಯಿತು. ಬಾಯಿಂದ ಬಂದ ಒಪ್ಪಿಗೆಯೂ ಪ್ರಮಾಣಿಸಿ ನೋಡಬೇಕಾದ ವಸ್ತು ಎಂಬುದನ್ನು ಈ ಘಟನೆ ಜಗತ್ತಿಗೆ ತೋರಿಸಿತು.

ಇನ್ನು ಕಣ್ಣಾರೆ ಕಂಡ ಸಾಕ್ಷಿಯ ಮಾತು. ಅಮೆರಿಕಾದಲ್ಲಿ 1992ರಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ವಕೀಲರು ‘ಇನ್ನೊಸೆನ್ಸ್ ಪ್ರಾಜೆಕ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಿಕ್ಷೆಗೊಳಗಾದ ನಿರಪರಾಧಿಗಳನ್ನು ವಿಜ್ಞಾನದ ಪರೀಕ್ಷೆಗಳ ನೆರವಿನಿಂದ ಬಿಡಿಸುವುದು ಅದರ ಕಾರ್ಯ. ಹಾಗೆ ಬಿಡುಗಡೆಯಾದವರ ಮೊಕದ್ದಮೆಗಳನ್ನು ಪರಿಶೀಲಿಸಿದಾಗ, ಕಣ್ಣಾರೆ ಕಂಡೆವೆಂದವರು ತಪ್ಪಾಗಿ ಗುರುತಿಸಿದ್ದೇ ಅನೇಕ ಮೊಕದ್ದಮೆಗಳಲ್ಲಿ ಅನ್ಯಾಯಕ್ಕೆ ಕಾರಣವಾಗಿತ್ತು. ಆ ಸಾಕ್ಷಿಗಳೆಲ್ಲರೂ ಸುಳ್ಳುಗಾರರಾಗಿರಲಿಲ್ಲ. ಕತ್ತಲು, ದೂರ, ಗಾಬರಿ, ಹಿಂದೆಂದೋ ಕಂಡ ಮುಖದ ಮಸುಕು ನೆನಪು ಇವುಗಳಿಂದ ಪ್ರಾಮಾಣಿಕರೂ ಮೋಸಹೋಗುತ್ತಾರೆ. ‘ಪ್ರತ್ಯಕ್ಷ ಕಂಡರೂ’ ಎಂದು ನಮ್ಮ ಗಾದೆ ಒತ್ತಿ ಹೇಳಿದ್ದು ಸುಮ್ಮನೆ ಅಲ್ಲ.

ಕೆಲವೊಮ್ಮೆ ಕೃತ್ಯವನ್ನು ಯಾರೂ ಕಂಡಿರುವುದಿಲ್ಲ. ಸನ್ನಿವೇಶವನ್ನು ನೋಡಿ ಊಹಿಸುತ್ತಾರೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದ ಕಥೆಯನ್ನು ನೀವು ಬಲ್ಲಿರಿ. ಕತ್ತಲಲ್ಲಿ ಕಾಶಿಯ ರಾಜಕುಮಾರನ ಶವದ ಬಳಿ ಚಂದ್ರಮತಿ ಇದ್ದಳು. ಶವದ ಬಳಿ ಇದ್ದವಳೇ ಕೊಂದವಳೆಂದು ತೀರ್ಮಾನವಾಯಿತು. ಮರಣದಂಡನೆಯೂ ಆಯಿತು, ಆ ದಂಡನೆಯನ್ನು ನಡೆಸುವ ಕೆಲಸ ಅವಳ ಗಂಡನ ಪಾಲಿಗೇ ಬಂದಿತು. ನಾವು ಈ ಕಥೆಯನ್ನು ಸತ್ಯನಿಷ್ಠೆಯ ಪರೀಕ್ಷೆಯೆಂದು ಓದುತ್ತೇವೆ, ಅದು ಸರಿಯೇ. ಆದರೆ ಅವಸರದ ತೀರ್ಮಾನದಿಂದ ನಿರಪರಾಧಿಯ ಕೊರಳಿಗೆ ಕತ್ತಿ ಬರುವ ಬಗೆಯನ್ನೂ ನಮ್ಮ ಕವಿ ಎಂಟು ಶತಮಾನಗಳ ಹಿಂದೆಯೇ ತೋರಿಸಿದ್ದಾನೆ. ಕಾವ್ಯದಲ್ಲಿ ದೇವರು ಪ್ರತ್ಯಕ್ಷನಾಗಿ ಕತ್ತಿಯನ್ನು ತಡೆಯುತ್ತಾನೆ. ಲೋಕದಲ್ಲಿ ಆ ಕೆಲಸವನ್ನು ಮನುಷ್ಯರೇ ಮಾಡಬೇಕು.

ಲೋಕದ ಸಂಗತಿಯನ್ನೂ ನೋಡಿರಿ. ಕೊಡಗಿನ ಕುಶಾಲನಗರದ ಬಳಿಯ ಬುಡಕಟ್ಟು ಸಮುದಾಯಕ್ಕೆ ಸೇರಿದ ಒಬ್ಬ ಕೂಲಿಕಾರರು 2020ರಲ್ಲಿ ತಮ್ಮ ಹೆಂಡತಿ ಕಾಣೆಯಾಗಿದ್ದಾರೆಂದು ಠಾಣೆಗೆ ತಿಳಿಸಿದರು. ನೆರೆಯ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ದೊರೆಯಿತು. ಅದು ಕಾಣೆಯಾದಾಕೆಯದೇ ಎಂದೂ, ಗಂಡನೇ ಕೊಂದನೆಂದೂ ಆರೋಪಪಟ್ಟಿ ಸಿದ್ಧವಾಯಿತು. ಅವರು ಒಂದೂವರೆ ವರ್ಷದಷ್ಟು ಕಾಲ ಸೆರೆಯಲ್ಲಿದ್ದರು. ಮೂಳೆಗಳ ಡಿ.ಎನ್.ಎ. ಪರೀಕ್ಷೆ ಹೊಂದಿಕೆಯಾಗಲಿಲ್ಲ. ಕೊನೆಗೆ 2025ರ ಏಪ್ರಿಲ್ ತಿಂಗಳಿನಲ್ಲಿ, ಸತ್ತಳೆಂದು ಬರೆದಿದ್ದ ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಾಣಿಸಿಕೊಂಡರು. ಮೈಸೂರಿನ ನ್ಯಾಯಾಲಯ ಗಂಡನನ್ನು ದೋಷಮುಕ್ತಗೊಳಿಸಿತು. ಇಲ್ಲಿ ಶಿಕ್ಷೆಯ ತೀರ್ಪು ಆಗಿರಲಿಲ್ಲ. ಆದರೂ ಸೆರೆಮನೆಯ ದಿನಗಳು ಕಳೆದೇ ಹೋಗಿದ್ದವು. ಆ ಮೂಳೆಗಳು ಬೇರೆ ಯಾರದೋ ಆಗಿದ್ದವು. ಆ ಅಪರಿಚಿತ ಜೀವಕ್ಕೆ ಸಲ್ಲಬೇಕಾದ ನ್ಯಾಯವೂ ಈ ಅವಸರದ ಊಹೆಯ ಕೆಳಗೆ ಹೂತುಹೋಯಿತೆಂಬುದನ್ನು ಮರೆಯಬಾರದು.

ಇಂತಹ ಊಹೆ ಹೆಚ್ಚಾಗಿ ಯಾರ ಮೇಲೆ ಬೀಳುತ್ತದೆ? ಬಡವನ ಮೇಲೆ, ಊರಿಗೆ ಹೊಸಬನ ಮೇಲೆ, ಮಾತು ಬಾರದವನ ಮೇಲೆ, ಹಿಂದೆ ಒಮ್ಮೆ ತಪ್ಪಿದವನ ಮೇಲೆ. ಆಂಗ್ಲರ ಆಡಳಿತವು 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಎಂಬುದೊಂದನ್ನು ತಂದು, ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲರನ್ನೂ ಹುಟ್ಟಿನಿಂದಲೇ ಶಂಕಿತರೆಂದು ಪಟ್ಟಿ ಮಾಡಿತು. ತೊಟ್ಟಿಲಿನ ಕೂಸಿಗೂ ಕಳ್ಳನೆಂಬ ಹೆಸರು ಬಂದಿತು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯಿದೆಯನ್ನು ರದ್ದುಗೊಳಿಸಿತು. ಕಾಯಿದೆ ಹೋದರೂ ಜನರ ಮನಸ್ಸಿನಲ್ಲಿರುವ ಪಟ್ಟಿ ಅಳಿದಿದೆಯೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ನಮ್ಮ ಗಾದೆಗಳಲ್ಲಿಯೂ ಎಚ್ಚರಿಕೆಯಿಂದ ಬಳಸಬೇಕಾದವು ಇವೆ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎನ್ನುತ್ತೇವೆ. ಅಂಜಿದವನೇ ಕಳ್ಳ ಎಂಬುದು ಇದರ ಧ್ವನಿ. ಕೇಳಲು ಸೊಗಸಾದ ಮಾತು. ಆದರೆ ನ್ಯಾಯನಿರ್ಣಯಕ್ಕೆ ಬಹು ಅಪಾಯಕಾರಿಯಾದ ಮಾತು. ಹತ್ತು ಮಂದಿ ಸುತ್ತ ನಿಂತು ‘ನೀನೇ ಕಳ್ಳ’ ಎಂದು ಗದರಿಸಿದರೆ ಕುಂಬಳಕಾಯಿಯನ್ನು ಕಣ್ಣಿನಿಂದಲೂ ಕಾಣದವನು ಸಹ ಹೆಗಲನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ನಡುಗುವ ಕೈ, ತಡವರಿಸುವ ನಾಲಗೆ, ತಗ್ಗಿಸಿದ ತಲೆ ಇವು ಭಯದ ಗುರುತುಗಳು. ಅವನ್ನು ಅಪರಾಧದ ಗುರುತುಗಳೆಂದು ಓದುವವನು ತಪ್ಪಾಗಿ ಓದುತ್ತಾನೆ.

ಈಗ ಕುರ್ಡಿಯಂತಹ ಒಂದು ಊರಿನ ಶಾಲೆಯನ್ನು ಮನಸ್ಸಿನಲ್ಲಿ ಊಹಿಸಿಕೊಳ್ಳಿರಿ. ಪ್ರವಾಸಕ್ಕೆಂದು ಕೂಡಿಸಿದ ಹಣ ತರಗತಿಯ ಪೆಟ್ಟಿಗೆಯಿಂದ ಕಾಣೆಯಾಗಿದೆ. ಮರುದಿನ ಒಬ್ಬ ಹುಡುಗ ಶಾಲೆಗೆ ಬಂದಿಲ್ಲ. ಹಿಂದಿನ ಸಂಜೆ ಅವನು ಕೋಣೆಯಲ್ಲಿ ಕೊನೆಯವನಾಗಿ ಉಳಿದಿದ್ದನ್ನು ಇಬ್ಬರು ಕಂಡಿದ್ದಾರೆ. ಅವನ ಮನೆಯವರು ಬಡವರು. ಇಷ್ಟು ಸಾಕು, ಮಧ್ಯಾಹ್ನದ ಊಟದ ಹೊತ್ತಿಗೆ ತರಗತಿಯೆಲ್ಲ ಅವನನ್ನು ಕಳ್ಳನೆಂದು ತೀರ್ಮಾನಿಸಿರುತ್ತದೆ. ಆದರೆ ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ. ಆ ಹುಡುಗ ತಂದೆತಾಯಿಗಳೊಡನೆ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿರಬಹುದು. ಕೊನೆಯವನಾಗಿ ಉಳಿದದ್ದು ಪುಸ್ತಕಗಳನ್ನು ಮರಳಿಸುವುದಕ್ಕಾಗಿ ಇರಬಹುದು. ಹಣ ಗುರುಗಳ ಮೇಜಿನ ಇನ್ನೊಂದು ಖಾನೆಯಲ್ಲಿಯೇ ಇರಬಹುದು. ಆರು ತಿಂಗಳ ತರುವಾಯ ಅವನು ಹಿಂದಿರುಗಿದಾಗ, ತಾನಿಲ್ಲದಿರುವಾಗ ನಡೆದ ಮೊಕದ್ದಮೆಯೊಂದರಲ್ಲಿ ತನಗೆ ಶಿಕ್ಷೆಯಾಗಿರುವುದನ್ನು ಕಾಣುತ್ತಾನೆ. ಸಾಕ್ಷಿ, ವಕೀಲ, ಮೇಲ್ಮನವಿ ಯಾವುದೂ ಇಲ್ಲದ ತೀರ್ಪು ಅದು.

ಇಂತಹ ತೀರ್ಪು ಶಾಲೆಯಲ್ಲಿ ಒಬ್ಬ ಹುಡುಗನ ಮನಸ್ಸನ್ನು ಮುರಿದರೆ, ಊರಿನ ಗುಂಪಿನಲ್ಲಿ ಅದು ಪ್ರಾಣವನ್ನೇ ತೆಗೆಯುತ್ತದೆ. 2018ರ ಜುಲೈ ತಿಂಗಳಿನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಕೆಲವು ಯುವಕರು ಬಂದಿದ್ದರು. ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಆ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಮುರ್ಕಿ ಎಂಬ ಗ್ರಾಮದ ಬಳಿ ನೂರಾರು ಜನ ಸೇರಿ ಅವರನ್ನು ಅಡ್ಡಗಟ್ಟಿ ಹೊಡೆದರು. ಒಬ್ಬ ಯುವಕ ಮೃತನಾದನು, ಉಳಿದವರು ಗಾಯಗೊಂಡರು. ಅವರು ಮಕ್ಕಳ ಕಳ್ಳರಾಗಿರಲಿಲ್ಲ. ಆ ಗುಂಪಿನಲ್ಲಿದ್ದ ಒಬ್ಬರಾದರೂ ಗಟ್ಟಿಯಾಗಿ ‘ನಿಲ್ಲಿರಿ, ಮೊದಲು ಕೇಳೋಣ’ ಎಂದು ಉಳಿದವರನ್ನು ತಡೆಯಬಲ್ಲವರಾಗಿದ್ದರೆ ಆ ಜೀವ ಉಳಿಯುತ್ತಿತ್ತು. ನಿರಪರಾಧಿಯನ್ನು ದಂಡಿಸುವ ತಪ್ಪು ನ್ಯಾಯಾಲಯದಲ್ಲಿ ಹುಟ್ಟುವುದಿಲ್ಲ. ‘ಇವನೇ ಇರಬೇಕು’ ಎಂಬ ನಮ್ಮೆಲ್ಲರ ಅಭ್ಯಾಸದಲ್ಲಿ ಹುಟ್ಟಿ, ಕೆಲವೊಮ್ಮೆ ನ್ಯಾಯಾಲಯದವರೆಗೂ ಬೆಳೆಯುತ್ತದೆ. ಆ ಅಭ್ಯಾಸ ಗಟ್ಟಿಯಾಗುವುದು ನಿಮ್ಮ ವಯಸ್ಸಿನಲ್ಲಿಯೇ. ಆದುದರಿಂದಲೇ ಈ ಪಾಠವೂ ಈ ವಯಸ್ಸಿನಲ್ಲಿಯೇ ಆಗಬೇಕೆಂದು ನಾನು ಹೇಳುವುದು.

ಇದು ಇಂದಿನ ಕಾಲದ ಹೊಸ ವಿಚಾರವೆಂದು ಯಾರೂ ತಿಳಿಯಬಾರದು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವಿರುವುದು ನಿಮಗೆ ಗೊತ್ತು. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದ ಸನ್ನತಿಯಲ್ಲಿಯೂ ಅಶೋಕನ ಶಾಸನಗಳಿವೆ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಆ ಬರಹ ಇರುವುದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಕಳಿಂಗಕ್ಕಾಗಿ ಬರೆಸಿದ ವಿಶೇಷ ಶಾಸನಗಳೂ ಅದರಲ್ಲಿ ಸೇರಿವೆ. ನ್ಯಾಯವಿಚಾರಣೆಯ ಅಧಿಕಾರಿಗಳನ್ನು ಕುರಿತ ಶಾಸನದಲ್ಲಿ ಅಶೋಕನು, ಕೆಲವರು ಕಾರಣವಿಲ್ಲದೆ ಸೆರೆಯನ್ನೂ ಹಿಂಸೆಯನ್ನೂ ಅನುಭವಿಸುವುದುಂಟೆಂದೂ, ಅದರಿಂದ ಬೇರೆ ಅನೇಕರು ದುಃಖಪಡುತ್ತಾರೆಂದೂ ಹೇಳುತ್ತಾನೆ. ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯ, ದಣಿವುಗಳಿಂದ ಅಧಿಕಾರಿಗಳು ನ್ಯಾಯ ತಪ್ಪುತ್ತಾರೆಂದು ಎಚ್ಚರಿಸುತ್ತಾನೆ. ಅಷ್ಟೇ ಅಲ್ಲ, ತಿಷ್ಯ ನಕ್ಷತ್ರದ ದಿನಗಳಲ್ಲಿ ಆ ಬರಹವನ್ನು ಓದಿ ಹೇಳಬೇಕೆಂದೂ, ಕೇಳುವವನು ಒಬ್ಬನೇ ಇದ್ದರೂ ಅದು ಅವನ ಕಿವಿಗೆ ಬೀಳಬೇಕೆಂದೂ ವಿಧಿಸುತ್ತಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ತನ್ನ ಅಧಿಕಾರಿಗಳ ತಪ್ಪನ್ನು ಮುಚ್ಚಿಡಲಿಲ್ಲ. ಅದನ್ನು ಕಲ್ಲಿನಲ್ಲಿ ಕೊರೆಯಿಸಿ, ಪ್ರಜೆಗಳಿಗೆ ಪಾಠವಾಗಿ ಓದಿಸಿದನು. ಆಗ ಪ್ರಜೆಗಳಿಗೆ ಹೇಳಬಹುದಾಗಿದ್ದ ಮಾತನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳಲು ನಾವೇಕೆ ಅಂಜಬೇಕು?

ಇನ್ನು ಮೊದಲ ಆಕ್ಷೇಪಕ್ಕೆ ಉತ್ತರ. ಮಾನ್ವಿಯ ಪೇಟೆಯಲ್ಲಿ ಹತ್ತಿ, ಭತ್ತಗಳನ್ನು ತೂಗುವ ತಕ್ಕಡಿಗಳನ್ನು ಸರ್ಕಾರದ ಇಲಾಖೆಯವರು ಆಗಾಗ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಹಾಗೆ ಪರೀಕ್ಷಿಸುವುದರಿಂದ ರೈತನಿಗೆ ತಕ್ಕಡಿಯ ಮೇಲಿನ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ. ನ್ಯಾಯದ ತಕ್ಕಡಿಯೂ ಹಾಗೆಯೇ. ನಮ್ಮ ನ್ಯಾಯವ್ಯವಸ್ಥೆ ತಾನು ತಪ್ಪುವುದೇ ಇಲ್ಲವೆಂದು ಹೇಳಿಕೊಂಡಿಲ್ಲ. ತಪ್ಪಬಹುದೆಂದು ತಿಳಿದೇ ಅದು ಮೇಲ್ಮನವಿಯ ಮೆಟ್ಟಿಲುಗಳನ್ನು ಕಟ್ಟಿದೆ. ರಾಯಚೂರಿನ ಜಿಲ್ಲಾ ನ್ಯಾಯಾಲಯದ ತೀರ್ಪನ್ನು ಒಪ್ಪದವರು ಕಲಬುರಗಿಯ ಉಚ್ಚ ನ್ಯಾಯಾಲಯದ ಪೀಠಕ್ಕೆ ಹೋಗಬಹುದು. ಅಲ್ಲಿಂದ ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಬಹುದು. ಕಲಬುರಗಿಯ ಆ ಯುವಕನಿಗೆ ಶಿಕ್ಷೆ ಕೊಟ್ಟದ್ದು ಒಂದು ನ್ಯಾಯಾಲಯ. ಬಿಡಿಸಿದ್ದೂ ಒಂದು ನ್ಯಾಯಾಲಯವೇ. ಈ ಸಂಗತಿಯನ್ನು ಪೂರ್ತಿಯಾಗಿ ತಿಳಿದ ವಿದ್ಯಾರ್ಥಿ ನ್ಯಾಯಾಲಯವನ್ನು ಕುರುಡಾಗಿ ನಂಬುವುದಿಲ್ಲ, ಕುರುಡಾಗಿ ನಿಂದಿಸುವುದೂ ಇಲ್ಲ. ಮೆಟ್ಟಿಲುಗಳು ಇವೆಯೆಂದು ತಿಳಿಯದವನೇ ಕಾನೂನನ್ನು ಕೈಗೆ ತೆಗೆದುಕೊಳ್ಳುವವನು.

ಎರಡನೆಯ ಆಕ್ಷೇಪಕ್ಕೆ ಉತ್ತರ ಇನ್ನೂ ಸುಲಭ. ನಿರಪರಾಧಿ ಸೆರೆಯಲ್ಲಿದ್ದಾನೆಂದರೆ ನಿಜವಾದ ಅಪರಾಧಿ ಹೊರಗಿದ್ದಾನೆಂದು ಅರ್ಥ. ಲೆಸ್ಟರಿನ ಹುಡುಗನಿಗೆ ಶಿಕ್ಷೆಯಾಗಿದ್ದರೆ ಕೊಲೆಗಾರನು ನಿಶ್ಚಿಂತನಾಗಿ ಅದೇ ಬೀದಿಗಳಲ್ಲಿ ತಿರುಗುತ್ತಿದ್ದನು. ಮಗಳನ್ನು ಕಳೆದುಕೊಂಡ ತಾಯಿಗೆ ಬೇಕಾದದ್ದು ಯಾರೋ ಒಬ್ಬನಿಗೆ ಶಿಕ್ಷೆಯಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆ. ಆದುದರಿಂದ ನೊಂದವರ ಪರವಾಗಿ ನಿಲ್ಲುವುದಕ್ಕೂ ಆರೋಪವನ್ನು ಪ್ರಮಾಣಿಸಿ ನೋಡುವುದಕ್ಕೂ ವಿರೋಧವಿಲ್ಲ.

ಆದ ತಪ್ಪನ್ನು ತಿದ್ದುವುದು ಎಷ್ಟು ಕಷ್ಟವೆಂಬುದನ್ನೂ ತಿಳಿಯಬೇಕು. ‘ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು’ ಎಂಬ ಮಾತಿದೆ. ಬಿಹಾರದಲ್ಲಿ ರುದುಲ್ ಸಾಹ್ ಎಂಬವರು 1968ರಲ್ಲಿಯೇ ದೋಷಮುಕ್ತರಾಗಿದ್ದರೂ 1982ರವರೆಗೆ ಸೆರೆಯಲ್ಲಿಯೇ ಉಳಿದಿದ್ದರು. 1983ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರಿಗೆ ಪರಿಹಾರಧನ ಕೊಡುವಂತೆ ಸರ್ಕಾರಕ್ಕೆ ಆಜ್ಞಾಪಿಸಿದ್ದು ನಮ್ಮ ನ್ಯಾಯಚರಿತ್ರೆಯಲ್ಲಿ ಒಂದು ಮುಖ್ಯ ಘಟ್ಟ. 2018ರಲ್ಲಿ ಭಾರತದ ಕಾನೂನು ಆಯೋಗ ತನ್ನ 277ನೆಯ ವರದಿಯಲ್ಲಿ, ತಪ್ಪಾಗಿ ಮೊಕದ್ದಮೆಗೆ ಗುರಿಯಾದವರಿಗೆ ಪರಿಹಾರ ದೊರಕಿಸಲು ನಿರ್ದಿಷ್ಟವಾದ ಕಾನೂನು ವ್ಯವಸ್ಥೆ ಇರಬೇಕೆಂದು ಶಿಫಾರಸು ಮಾಡಿತು. ಇಂತಹ ವ್ಯವಸ್ಥೆ ಅಗತ್ಯವೇ. ಆದರೆ ಹಣದಿಂದ ಮನೆ ಕಟ್ಟಿಸಬಹುದು, ಕಳೆದ ಯೌವನವನ್ನು ಕೊಳ್ಳಲಾಗದು. ತಪ್ಪಾದ ಮೇಲೆ ತಿದ್ದುವುದಕ್ಕಿಂತ ತಪ್ಪಾಗದಂತೆ ನೋಡಿಕೊಳ್ಳುವುದು ಮೇಲು.

ಇದನ್ನು ಶಾಲೆಯಲ್ಲಿ ಕಲಿಸುವುದು ಹೇಗೆ? ಅದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಾಗಿಲ್ಲ. ಪಾಠದ ನಡುವೆ ಒಬ್ಬರು ಕೋಣೆಯೊಳಗೆ ಬಂದು ಏನನ್ನಾದರೂ ಎತ್ತಿಕೊಂಡು ಹೋಗಲಿ. ಬಂದವರ ಅಂಗಿಯ ಬಣ್ಣವೇನು, ಯಾವ ಕೈಯಿಂದ ಎತ್ತಿಕೊಂಡರು, ಏನು ಮಾತನಾಡಿದರು ಎಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬೇರೆಬೇರೆಯಾಗಿ ಬರೆಯಲಿ. ಉತ್ತರಗಳನ್ನು ಒಟ್ಟಿಗೆ ಓದಿದಾಗ ಕಣ್ಣಿನ ಸಾಕ್ಷ್ಯದ ಬೆಲೆ ಎಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ. ಅಣಕು ನ್ಯಾಯಾಲಯವನ್ನು ನಡೆಸಿ, ಇವನೇ ತಪ್ಪಿತಸ್ಥನೆಂದು ಖಚಿತವಾಗಿ ನಂಬಿರುವ ವಿದ್ಯಾರ್ಥಿಯನ್ನೇ ಆರೋಪಿಯ ಪರವಾಗಿ ವಾದಿಸಲು ನಿಲ್ಲಿಸಬಹುದು. ಸಂವಿಧಾನದ ಕೆಲವು ವಿಧಿಗಳನ್ನು ಅರ್ಥಸಹಿತ ಓದಿಸಬಹುದು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲವಂತಪಡಿಸಬಾರದೆಂದು 20ನೆಯ ವಿಧಿ ಹೇಳುತ್ತದೆ. ಬಂಧಿಸಿದವರನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು 22ನೆಯ ವಿಧಿ ಹೇಳುತ್ತದೆ. ಬಡವರಿಗೆ ಉಚಿತವಾಗಿ ಕಾನೂನಿನ ನೆರವು ಒದಗಿಸಬೇಕೆಂದು 39ಎ ವಿಧಿ ಹೇಳುತ್ತದೆ. ಇವನ್ನು ತಿಳಿದ ಮಗು ತನ್ನ ಮನೆಯವರಿಗೂ ನೆರೆಯವರಿಗೂ ನೆರವಾಗಬಲ್ಲದು.

ಎಲ್ಲಕ್ಕಿಂತ ಮಿಗಿಲಾಗಿ ನಾಲ್ಕು ಪ್ರಶ್ನೆಗಳನ್ನು ಕೇಳುವ ರೂಢಿ ಬೆಳೆಯಬೇಕು. ಇದನ್ನು ಹೇಳಿದವರು ಯಾರು? ಅವರು ತಾವೇ ಕಂಡರೇ, ಇಲ್ಲವೇ ಕೇಳಿದರೇ? ಕಂಡದ್ದಕ್ಕೆ ಬೇರೊಂದು ಕಾರಣವೂ ಇರಬಹುದೇ? ಆರೋಪಕ್ಕೆ ಗುರಿಯಾದವರ ಮಾತನ್ನು ನಾವು ಕೇಳಿದೆವೇ? ಮೊಬೈಲಿಗೆ ಬಂದ ಸುದ್ದಿಯೊಂದನ್ನು ಮುಂದಕ್ಕೆ ಕಳುಹಿಸುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಎಷ್ಟೋ ಸುದ್ದಿಗಳು ಅಲ್ಲಿಯೇ ನಿಲ್ಲುತ್ತವೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಪೊಲೀಸ್ ಅಧಿಕಾರಿಗಳಾಗುವಿರಿ. ಕೆಲವರು ವಕೀಲರೋ ನ್ಯಾಯಾಧೀಶರೋ ಆಗುವಿರಿ. ಕೆಲವರು ಪತ್ರಿಕೆಗಳಿಗೆ ಬರೆಯುವಿರಿ. ಹಲವರು ಹೊಲಗದ್ದೆಗಳಲ್ಲಿ ದುಡಿದು, ಊರಿನ ಹಿರಿಯರಾಗಿ ಅಗಸೆಕಟ್ಟೆಯ ಮೇಲೆ ಕುಳಿತುಕೊಳ್ಳುವಿರಿ. ಎಲ್ಲಿದ್ದರೂ ಒಂದಲ್ಲ ಒಂದು ದಿನ ಒಬ್ಬ ಮನುಷ್ಯನನ್ನು ನಿಮ್ಮ ಮುಂದೆ ತಂದು ನಿಲ್ಲಿಸಿ, ‘ಇವನೇ ಮಾಡಿದ್ದು, ಎಲ್ಲರಿಗೂ ಗೊತ್ತು’ ಎಂದು ಹೇಳುವವರು ಬರುತ್ತಾರೆ. ಅಂದು ಆ ಮನುಷ್ಯ ಅಂಜಿ ನಡುಗುತ್ತಿರಬಹುದು. ತನ್ನ ಪರವಾಗಿ ಎರಡು ಮಾತು ಆಡಲೂ ಅವನಿಗೆ ಬಾರದಿರಬಹುದು. ಆಗ ನೀವು ಅವನಿಗೆ ಕುಳಿತುಕೊಳ್ಳಲು ಹೇಳಿ, ಕುಡಿಯಲು ನೀರು ಕೊಟ್ಟು, ‘ಏನಾಯಿತು ಹೇಳಪ್ಪಾ’ ಎಂದು ಕೇಳಿರಿ. ಅವನು ಹೇಳಿ ಮುಗಿಸುವವರೆಗೆ ತೀರ್ಮಾನ ಕಾದಿರಲಿ.